ಕಣ್ಣಿನ ಹುಣ್ಣಿಗೆ ಲೇಸರ್ ಮದ್ದೇ?

ಮಳೆಗಾಲ ಹಿಡಿಯಿತೆಂದರೆ ಸಂಪಾಜೆಯ ಅಡಿಕೆ ತೋಟಗಳಲ್ಲಿ ಕೈತುಂಬ ಕೆಲಸ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು, ಕಳೆ ಸವರಬೇಕು. ಈ ನಡುವೆ ಹುಲ್ಲಿನ ಗರಿಯೋ ಸೋಗೆಯ ತುದಿಯೋ ಕಣ್ಣಿಗೆ ತಗಲುವುದು ಹೊಸತಲ್ಲ. 'ನಾಳೆಗೆ ಸರಿಹೋದೀತು' ಎಂದು ಕಣ್ಣುಜ್ಜಿಕೊಂಡು ಸುಮ್ಮನಾಗುವವರುಂಟು. ಆ ಗೀರಿನೊಳಗೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಹೊಕ್ಕರೆ ದೃಷ್ಟಿಯೇ ಹೋಗಬಹುದು.

ಕಣ್ಣಿನ ಗಾಜು

ಕಣ್ಣಿನ ಕಪ್ಪುಭಾಗದ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಟಲವೇ ಕಾರ್ನಿಯಾ. ನಡುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ರಕ್ತನಾಳಗಳಿಲ್ಲದ್ದರಿಂದಲೇ ಅದು ಪಾರದರ್ಶಕ. ಇಲ್ಲಿ ಹುಣ್ಣಾದರೆ ನೋವು, ಕೆಂಪು, ನೀರು ಸೋರುವಿಕೆ ಕಾಣಿಸುತ್ತವೆ, ಬೆಳಕು ನೋಡಲಾಗದು. ಹುಣ್ಣು ಮಾಗಿದರೂ ಬಿಳಿಯ ಕಲೆ ಉಳಿದು ನೋಟಕ್ಕೆ ಅಡ್ಡವಾಗಬಹುದು.

ಲೇಸರ್ ಎಲ್ಲಿ ಉಪಯುಕ್ತ?

ಮದರಾಸಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್, 193 ನ್ಯಾನೋಮೀಟರ್ ಅಲೆಯುದ್ದದ ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆಯೇ ಜೀವಕೋಶದ ಪದರಗಳನ್ನು ಕೆತ್ತಬಲ್ಲದೆಂದು 1981ರಲ್ಲಿ ಕಂಡುಕೊಂಡರು. 1983ರಲ್ಲಿ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಜೊತೆಗೂಡಿ ಅದನ್ನು ಕಾರ್ನಿಯಾದ ಮೇಲೆ ಪ್ರಯೋಗಿಸಿದರು. ಹುಣ್ಣು ಮಾಗಿದ ಮೇಲೆ ಉಳಿಯುವ ಮೇಲ್ಪದರದ ಕಲೆಯನ್ನು ತೆಗೆಯಲು ಈ ಲೇಸರ್ ಸಹಾಯಕ. ಆಳದ ಕಲೆಗೆ ಕಾರ್ನಿಯಾ ಕಸಿಯೇ ಬೇಕಾಗಬಹುದು.

ರೋಗಾಣುವನ್ನೇ ಬೆಳಕಿನಿಂದ ಕೊಲ್ಲುವ ಇನ್ನೊಂದು ವಿಧಾನವಿದೆ. ಅದು ಲೇಸರ್ ಅಲ್ಲ. ರೈಬೋಫ್ಲೇವಿನ್ ಎಂಬ ಬಿ2 ಜೀವಸತ್ವದ ಹನಿ ಹಾಕಿ 365 ನ್ಯಾನೋಮೀಟರಿನ ನೇರಳಾತೀತ ಕಿರಣ ಬಿಡುತ್ತಾರೆ. ಆಗ ಹುಟ್ಟುವ ಚುರುಕಾದ ಆಮ್ಲಜನಕ ರೋಗಾಣುಗಳನ್ನು ಕೊಲ್ಲುತ್ತದೆ, ಕಾರ್ನಿಯಾದ ನಾರುಗಳನ್ನು ಬಿಗಿಗೊಳಿಸುತ್ತದೆ. ಆದರೆ ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಯ ವೈದ್ಯರು ಶಿಲೀಂಧ್ರದ ಹುಣ್ಣುಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದರಿಂದ ಲಾಭ ಕಾಣಲಿಲ್ಲ. ದೃಷ್ಟಿಯ ಫಲಿತಾಂಶ ಇನ್ನಷ್ಟು ಕೆಟ್ಟದಾಗಿತ್ತು. ಹೀಗಾಗಿ ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯೋಟಿಕ್, ಶಿಲೀಂಧ್ರಕ್ಕೆ ನಾಟಾಮೈಸಿನ್ ಹನಿ ಹಾಕುವುದೇ ಇಂದಿಗೂ ಮುಖ್ಯ ಚಿಕಿತ್ಸೆ.

ಹದಿನೆಂಟು ಗಂಟೆಗಳ ಬೆಲೆ

ಎಲ್ಲಕ್ಕಿಂತ ದೊಡ್ಡ ಪಾಠ ನೇಪಾಳದ ಭಕ್ತಪುರದ್ದು. ಅಲ್ಲಿ ಕಣ್ಣು ಗೀರಿದವರಿಗೆ ಗ್ರಾಮ ಕಾರ್ಯಕರ್ತರು ದಿನಕ್ಕೆ ಮೂರು ಬಾರಿಯಂತೆ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿಸಿದರು. 2001ರಲ್ಲಿ ಪ್ರಕಟವಾದ ವರದಿಯಂತೆ, 18 ಗಂಟೆಯೊಳಗೆ ಮುಲಾಮು ಸಿಕ್ಕ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ದಾಟಿ ಬಂದವರಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಹುಣ್ಣಾಗಿತ್ತು.

ಆದ್ದರಿಂದ ಕಣ್ಣಿಗೆ ಏನಾದರೂ ತಗಲಿದರೆ ಉಜ್ಜಬಾರದು. ಸೊಪ್ಪಿನ ರಸ, ಎದೆಹಾಲು ಹಾಕಬಾರದು. ವೈದ್ಯರು ಹೇಳದೆ ಸ್ಟೀರಾಯ್ಡ್ ಹನಿ ಬಳಸಿದರೆ ಹುಣ್ಣು ಉಲ್ಬಣಿಸೀತು. ಬೋರ್ಡೋದ ಸುಣ್ಣ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ಕಾಲು ಗಂಟೆಗೂ ಹೆಚ್ಚು ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ಗೀರಾದರೆ ಅಂದೇ ವೈದ್ಯರಿಗೆ ತೋರಿಸಬೇಕು. ತೋಟಕ್ಕಿಳಿಯುವಾಗ ಒಂದು ಜೊತೆ ರಕ್ಷಣಾ ಕನ್ನಡಕವಿದ್ದರೆ ಲೇಸರಿನ ಮಾತೇ ಬಾರದು.