ಮೀನಿನ ತೊಟ್ಟಿಯ ಕಾಣದ ಒಕ್ಕಲು

ಕದಡದ ನೀರಿಗೂ ಅರಿವಿಗೂ ಕನ್ನಡದಲ್ಲಿ 'ತಿಳಿ' ಎಂಬ ಒಂದೇ ಮಾತು ಸಲ್ಲುತ್ತದೆಯಾದರೂ, ಮನೆಯ ಅಕ್ವೇರಿಯಂನ ಮಟ್ಟಿಗೆ ನೀರಿನ ತಿಳಿಯನ್ನು ನೋಡಿ ಅದರ ಗುಣವನ್ನು ತಿಳಿಯಲಾಗದು. ಗಾಜಿನಾಚೆಯ ಗೋಡೆಯ ಗಡಿಯಾರ ಸ್ಪಷ್ಟವಾಗಿ ಕಾಣುವಷ್ಟು ನಿರ್ಮಲವಾದ ನೀರಿನಲ್ಲಿಯೂ ಮೀನನ್ನು ಒಂದೆರಡು ದಿನಗಳಲ್ಲಿ ಕೊಲ್ಲುವಷ್ಟು ಅಮೋನಿಯಾ ಕರಗಿರಬಹುದು; ಅದೇ ಜಾತಿಯ ಮೀನು ಹಸಿರುಗಟ್ಟಿದ ಕೆರೆಯಲ್ಲಿ ಆರೋಗ್ಯವಾಗಿ ಬೆಳೆಯುತ್ತಿರಬಹುದು. ಫಿಲ್ಟರ್ ಎಂದರೆ ಕಾಫಿ ಸೋಸುವ ಪಾತ್ರೆಯಂತೆ ಕಸವನ್ನು ಹಿಡಿದಿಡುವ ಸಾಧನವೆಂಬ ತಿಳಿವಳಿಕೆ ಅರ್ಧ ಮಾತ್ರ ನಿಜ, ಮತ್ತು ಮೀನಿನ ಜೀವ ನಿಂತಿರುವುದು ಉಳಿದರ್ಧದ ಮೇಲೆ.

ಮೀನು ತಿನ್ನುವ ಆಹಾರದ ಪ್ರೋಟೀನಿನಲ್ಲಿ ತೂಕದ ಸುಮಾರು ಶೇಕಡಾ 16ರಷ್ಟು ಸಾರಜನಕವಿರುತ್ತದೆ. ಮನುಷ್ಯನ ದೇಹ ಬೇಡವಾದ ಸಾರಜನಕವನ್ನು ಯೂರಿಯಾ ಆಗಿ ಬದಲಿಸಿ ಮೂತ್ರದಲ್ಲಿ ಕಳೆದರೆ, ಸಿಹಿನೀರಿನ ಮೀನುಗಳಲ್ಲಿ ಹೆಚ್ಚಿನವು ಅದನ್ನು ಅಮೋನಿಯಾ ರೂಪದಲ್ಲಿಯೇ, ಅದೂ ಬಹುಪಾಲು ಕಿವಿರುಗಳ ಮೂಲಕ, ನೀರಿಗೆ ಬಿಡುತ್ತವೆ. ದಿನಕ್ಕೆ ಹಾಕುವ, ಶೇಕಡಾ 40 ಪ್ರೋಟೀನ್ ಇರುವ ಒಂದು ಗ್ರಾಂ ಆಹಾರದಲ್ಲಿ 64 ಮಿಲಿಗ್ರಾಂ ಸಾರಜನಕವಿದ್ದು, ಅದರ ಅರ್ಧ ನೀರಿಗೆ ಸೇರಿತೆಂದುಕೊಂಡರೂ 50 ಲೀಟರಿನ ತೊಟ್ಟಿಯಲ್ಲಿ ದಿನವೊಂದಕ್ಕೆ ಲೀಟರಿಗೆ 0.6 ಮಿಲಿಗ್ರಾಂಗೂ ಮಿಕ್ಕಿದ ಸಾರಜನಕ ಅಮೋನಿಯಾ ಆಗಿ ಕೂಡಿಕೊಳ್ಳುತ್ತದೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತಿತ್ತು. ನಾಲ್ಕು ಗಾಜುಗಳ ನಡುವೆ ಅದಕ್ಕೆ ಹೋಗಲು ದಾರಿಯಿಲ್ಲ. ಮಕ್ಕಳು ಪ್ರೀತಿಯಿಂದ ಉದುರಿಸುವ ಮತ್ತೊಂದು ಹಿಡಿ ಆಹಾರ ತಿನ್ನುವವರಿಲ್ಲದೆ ತಳದಲ್ಲಿ ಕೊಳೆತಾಗ ಈ ಲೆಕ್ಕ ಇನ್ನೂ ಏರುತ್ತದೆ.

ಈ ವಿಷವನ್ನು ಅರಗಿಸಿಕೊಳ್ಳುವ ಜೀವಿಗಳ ಪರಿಚಯ ಅಕ್ವೇರಿಯಂಗಿಂತ ತಡವಾಗಿ ಆಯಿತು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ ಮತ್ತು ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿ ಬಾಳಿಸಿದ ಪ್ರಯೋಗವನ್ನು ವರದಿ ಮಾಡಿದಾಗ, ಗಿಡ ಕೊಡುವ ಆಮ್ಲಜನಕ ಮತ್ತು ಕೊಳೆತ ಎಲೆಯನ್ನು ತಿನ್ನುವ ಹುಳುಗಳಿಂದಲೇ ಸಮತೋಲ ಉಂಟಾಗುತ್ತದೆಂದು ವಿವರಿಸಿದರು. ಆ ತೊಟ್ಟಿಯ ಮರಳಿನಲ್ಲಿ ನೆಲೆಸಿದ್ದಿರಬೇಕಾದ ಬ್ಯಾಕ್ಟೀರಿಯಾಗಳ ವಿಚಾರ ಬೆಳಕಿಗೆ ಬಂದದ್ದು 1890ರ ಸುಮಾರಿಗೆ, ಸೆರ್ಗೈ ವಿನೊಗ್ರಾಡ್‌ಸ್ಕಿ ಅಮೋನಿಯಾವನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿದಾಗ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಎರಡನೆಯ ಕೆಲಸ ನೈಟ್ರೋಬ್ಯಾಕ್ಟರ್‌ನದೆಂದು ಬಹುಕಾಲ ಬರೆಯಲಾಗುತ್ತಿತ್ತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ನಿರ್ವಹಿಸುವುದು ನೈಟ್ರೋಸ್ಪೈರಾ ಗುಂಪಿನವು ಎಂದು 1998ರಲ್ಲಿ ತಿಮೊತಿ ಹೊವಾನೆಕ್ ಮತ್ತು ಸಂಗಡಿಗರು ತೋರಿಸಿದರು. 2015ರಲ್ಲಿ ಎರಡೂ ಹಂತಗಳನ್ನು ಒಂದೇ ಒಡಲಲ್ಲಿ ಮುಗಿಸುವ ನೈಟ್ರೋಸ್ಪೈರಾ ಕೂಡ ಪತ್ತೆಯಾಯಿತು, ಅದರ ಒಂದು ಮಾದರಿ ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲಿಯೇ.

ಈ ಒಕ್ಕಲು ತೇಲುವ ಜಾತಿಯದಲ್ಲ, ಅಂಟಿಕೊಂಡು ಬಾಳುವಂಥದು. ಸ್ಪಂಜಿನ ರಂಧ್ರಗಳು, ಪಿಂಗಾಣಿಯ ಉಂಗುರಗಳು, ತಳದ ಜಲ್ಲಿ ಇವೆಲ್ಲ ಅದಕ್ಕೆ ಮನೆ. ಫಿಲ್ಟರಿನ ಪಂಪು ಆ ಮನೆಯ ಬಾಗಿಲಿಗೆ ಅಮೋನಿಯಾ ಎಂಬ ಊಟವನ್ನೂ ಆಮ್ಲಜನಕವನ್ನೂ ಎಡೆಬಿಡದೆ ತಂದೊಪ್ಪಿಸುವ ಆಳು. ಹಾಗೆ ನೋಡಿದರೆ ಏರ್ ಪಂಪಿಗೆ ಜೋಡಿಸಿದ ಅಗ್ಗದ ಸ್ಪಂಜ್ ಫಿಲ್ಟರ್, ಸಣ್ಣ ತೊಟ್ಟಿಯ ಮಟ್ಟಿಗೆ, ದುಬಾರಿ ಕ್ಯಾನಿಸ್ಟರ್ ಫಿಲ್ಟರ್ ಮಾಡುವ ಮುಖ್ಯ ಕೆಲಸವನ್ನೇ ಮಾಡುತ್ತದೆ. ಸಕ್ರಿಯ ಇದ್ದಿಲು ನೀರಿನ ಬಣ್ಣವನ್ನೂ ವಾಸನೆಯನ್ನೂ ಔಷಧದ ಉಳಿಕೆಯನ್ನೂ ಹೀರುತ್ತದೆಯೇ ಹೊರತು ಅಮೋನಿಯಾದ ವಿಷಯದಲ್ಲಿ ಅದರಿಂದ ಹೆಚ್ಚಿನ ಉಪಕಾರವಿಲ್ಲ.

ಹೊಸ ತೊಟ್ಟಿಯಲ್ಲಿ ಈ ಒಕ್ಕಲು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕಾಗುವುದರಿಂದ, ತೊಟ್ಟಿ ಕೊಂಡ ದಿನವೇ ಹತ್ತು ಮೀನು ತಂದು ಬಿಡುವ ಮನೆಗಳಲ್ಲಿ ಸಾವು ಮೊದಲ ತಿಂಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವ ಹೊತ್ತಿಗೆ ನೈಟ್ರೈಟ್ ಏರಿ ಮೀನಿನ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದಂತೆ ಮಾಡುವುದರಿಂದ, ನೀರಿನಲ್ಲಿ ಸಾಕಷ್ಟು ಆಮ್ಲಜನಕವಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನ ಮೂಲಕ ನೈಟ್ರೈಟ್ ಒಳಹೋಗುವುದನ್ನು ತಡೆಯುತ್ತದೆಯಾದ್ದರಿಂದ, ಇಂಥ ಹೊತ್ತಿನಲ್ಲಿ ತೊಟ್ಟಿಗೆ ಸ್ವಲ್ಪ ಉಪ್ಪು ಹಾಕುವ ಹಳಬರ ರೂಢಿ ಬರಿಯ ನಂಬಿಕೆಯಲ್ಲ.

ನೆಲೆನಿಂತ ತೊಟ್ಟಿಯನ್ನು ಕೆಡಿಸುವುದು ಹೆಚ್ಚಾಗಿ ಅತಿಯಾದ ಶುಚಿತ್ವವೇ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ಜಲ್ಲಿ ಮತ್ತು ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಹೊಸ ನೀರು ತುಂಬುವವರು ಕೊಳೆಯ ಜೊತೆಗೆ ಒಕ್ಕಲನ್ನೂ ಎಬ್ಬಿಸಿ ಕಳುಹಿಸಿರುತ್ತಾರೆ. ನಲ್ಲಿಯ ನೀರನ್ನು ಕುಡಿಯಲು ಯೋಗ್ಯವಾಗಿಸುವ ಕ್ಲೋರಿನ್ ಇಲ್ಲಿ ಬ್ಯಾಕ್ಟೀರಿಯಾಕ್ಕೂ ಮೀನಿನ ಕಿವಿರಿಗೂ ಹಾನಿಯೇ. ಆದ್ದರಿಂದ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಅದ್ದಿ ಹಿಂಡಬೇಕು. ಹೊಸ ನೀರನ್ನು ಬಾಯಗಲದ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಡಬೇಕು, ಅಥವಾ ಅಂಗಡಿಗಳಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ದ್ರಾವಣದಿಂದ ಕ್ಲೋರಿನ್ನನ್ನು ಕಳೆಯಬೇಕು. ತಾಸುಗಟ್ಟಲೆ ಕರೆಂಟು ಹೋದಾಗ ಮುಚ್ಚಿದ ಕ್ಯಾನಿಸ್ಟರಿನೊಳಗಿನ ನೀರಿನಲ್ಲಿ ಆಮ್ಲಜನಕ ತೀರಿಹೋಗುತ್ತದೆಯಾದ್ದರಿಂದ, ಅದನ್ನು ಮತ್ತೆ ಚಾಲೂ ಮಾಡುವ ಮುನ್ನ ಒಳಗಿನ ನೀರನ್ನು ಚೆಲ್ಲುವುದು ಲೇಸು.

ಫಿಲ್ಟರ್ ಎಷ್ಟೇ ಚೆನ್ನಾಗಿ ದುಡಿದರೂ ನೈಟ್ರೇಟ್ ಉಳಿಯುತ್ತದೆ. ಅದು ಅಷ್ಟು ಕ್ರೂರ ವಿಷವಲ್ಲ, ಗಿಡಗಳು ಅದನ್ನು ಹೀರುತ್ತವೆ, ಆದರೆ ಮಿಕ್ಕದ್ದನ್ನು ಹೊರಹಾಕಲು ನೀರು ಬದಲಿಸುವುದೇ ಉಪಾಯ. ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂನಂತೆ ನೈಟ್ರೇಟ್ ಕೂಡುವ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತಿದ್ದರೆ, ಅದು ಕೊನೆಗೆ 30 ಮತ್ತು 40ರ ನಡುವೆ ಏರಿಳಿಯುತ್ತ ನಿಲ್ಲುತ್ತದೆ. ಬದಲಿಸದೇ ಬಿಟ್ಟರೆ ಏರಿಕೆಗೆ ತಡೆಯಿಲ್ಲ.

ಇನ್ನು ಎಲ್ಲ ಊರಿನ ನೀರೂ ಒಂದೇ ಅಲ್ಲ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿದ್ದು, ಅಮೋನಿಯಂ ಎಂಬ ಅಯಾನು ರೂಪ ಬಹುಮಟ್ಟಿಗೆ ಸೌಮ್ಯ, ಅಯಾನಾಗದ ಅಮೋನಿಯಾ ಘೋರ. ನೀರಿನ ಆಮ್ಲ-ಕ್ಷಾರ ಗುಣವನ್ನು ಅಳೆಯುವ ಪಿಎಚ್ 7 ಇದ್ದಾಗ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಘೋರ ರೂಪ ಶೇಕಡಾ ಒಂದಕ್ಕಿಂತ ಕಡಿಮೆ; 8ಕ್ಕೆ ಏರಿದರೆ ಶೇಕಡಾ 5ರಷ್ಟು, 9ಕ್ಕೆ ಮೂರನೆಯ ಒಂದು ಪಾಲಿಗೂ ಹೆಚ್ಚು. ಬಯಲುಸೀಮೆಯ ಕೊಳವೆಬಾವಿಯ ಗಡಸು, ಕ್ಷಾರೀಯ ನೀರಿನಲ್ಲಿ ಸ್ವಲ್ಪ ಅಮೋನಿಯಾವೂ ಅಪಾಯಕಾರಿಯಾಗುವುದು ಇದರಿಂದಲೇ. ಮಲೆನಾಡಿನ ಮೆದು ನೀರಿನ ತೊಡಕು ಬೇರೆ: ಬ್ಯಾಕ್ಟೀರಿಯಾಗಳ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ, ಅದನ್ನು ತಾಳಿಕೊಳ್ಳುವ ಬೈಕಾರ್ಬೊನೇಟ್ ಅಲ್ಲಿ ಕಡಿಮೆ. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಅದು ಪೂರ್ತಿ ತೀರಿ ಪಿಎಚ್ 6ಕ್ಕಿಂತ ಕೆಳಗಿಳಿದಾಗ ಬ್ಯಾಕ್ಟೀರಿಯಾಗಳ ಕೆಲಸವೇ ಕುಂಟುತ್ತದೆ, ಅಮೋನಿಯಂ ಸದ್ದಿಲ್ಲದೆ ಕೂಡಿಕೊಳ್ಳುತ್ತದೆ, ಮೀನುಗಳು ಹೇಗೋ ಹೊಂದಿಕೊಂಡಿರುತ್ತವೆ. ಯಾವುದೋ ಹಬ್ಬದ ಮುನ್ನಾದಿನ ಮನೆಯವರು ಮುಕ್ಕಾಲು ಭಾಗ ನೀರು ತೆಗೆದು ಕ್ಷಾರೀಯ ನೀರು ತುಂಬಿದರೆ ಪಿಎಚ್ ಒಮ್ಮೆಗೇ ಏರಿ, ಉಳಿದ ನೀರಿನಲ್ಲಿದ್ದ ಅಮೋನಿಯಂನ ಒಂದು ಪಾಲು ಘೋರ ಅಮೋನಿಯಾ ಆಗಿ ಬದಲಾಗುತ್ತದೆ. ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತಿರುತ್ತವೆ, ದೂರು ಹೊಸ ನೀರಿನ ಮೇಲೆ ಬರುತ್ತದೆ. ಅಂಥ ಹಳೆಯ ತೊಟ್ಟಿಗೆ ದಿನಕ್ಕೆ ಹತ್ತನೆಯ ಒಂದು ಪಾಲಿನಂತೆ, ಒಂದೆರಡು ವಾರಗಳ ಕಾಲ ನೀರು ಬದಲಿಸುತ್ತ ಬರಬೇಕು.