ನಿಮಗಿದು ಗೊತ್ತೆ? ಪೆನ್ನು ಕಡೆದಂತೆ ಕಂಬ!

ಲೇತ್ ಮೇಲೆ ಮರದ ಪೆನ್ನು ಕಡೆಯುವುದು ಈಗ ಹಲವರ ಹವ್ಯಾಸ. ಬೆರಳು ದಪ್ಪದ ಚೌಕದ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಹಿತ್ತಾಳೆ ಕೊಳವೆ ಅಂಟಿಸಿ, ಗಿರಗಿರನೆ ತಿರುಗುವಾಗ ಉಳಿ ಹಿಡಿದರೆ ಸುರುಳಿ ಸುರುಳಿಯಾಗಿ ಹೆರೆ ಹಾರುತ್ತದೆ, ಚೌಕ ದುಂಡಾಗುತ್ತದೆ.

ಹೊಯ್ಸಳರ ಕಾಲದ ಶಿಲ್ಪಿಗಳು ಇದೇ ವರಸೆಯನ್ನು ಆಳೆತ್ತರದ ಕಲ್ಲಿನ ಮೇಲೆ ತೋರಿಸಿದ್ದರು! 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸುಮಾರು 1220ರ ಅರಸೀಕೆರೆಯ ಈಶ್ವರ ದೇಗುಲ: ಮೂರರಲ್ಲೂ ಕಡೆದ ಕಂಬಗಳಿವೆ. ಗಂಟೆಯಂಥ ಉಬ್ಬು, ಬಳೆಯಂಥ ಅಂಚು, ಮುಖ ಕಾಣುವಷ್ಟು ಹೊಳಪು. ಕೆಲವು ಕಂಬಗಳ ಹತ್ತಿರ ಬಾಗಿ ನೋಡಿ, ಕೂದಲೆಳೆಯಂಥ ಉಂಗುರಗೀರುಗಳು ಕಾಣುತ್ತವೆ. ಕಲ್ಲನ್ನು ತಿರುಗಿಸಿಯೇ ಕಡೆದರೆಂಬುದು ವಿದ್ವಾಂಸರ ಅಭಿಪ್ರಾಯ.

ಅದಕ್ಕೆ ಒದಗಿದ್ದು ಮೆದುವಾದ ಬಳಪದ ಕಲ್ಲು. ಹೌದು, ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಬಳಪದ್ದೇ ಜಾತಿ. ಲೇಖನಿಯ ಕಲ್ಲಲ್ಲೇ ಕಂಬ ಕಡೆದರು ಎನ್ನಿ!

ಇನ್ನು ಮರದ ಕಡೆತಕ್ಕೆ ನಮ್ಮಲ್ಲಿ ಚನ್ನಪಟ್ಟಣವೇ ತವರು. ಅಲ್ಲಿ ಹೀಗೆ ಬಣ್ಣ ಹಚ್ಚಲು ಕುಂಚ ಬೇಡ. ತಿರುಗುವ ಆಲೆಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ.