ಪವನಿನ ತೂಕ, ನಾಣ್ಯದ ಬೆಲೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ನಮ್ಮ ಕರಾವಳಿಯವರ ಮನೆಗಳಲ್ಲಿ ಚಿನ್ನದ ಲೆಕ್ಕ ಇಂದಿಗೂ ಪವನಿನಲ್ಲೇ. ಪವನ್ ಎಂದರೆ 8 ಗ್ರಾಂ. ಈ ಅಳತೆ ಬಂದದ್ದು ಬ್ರಿಟಿಷರ ಸವರನ್ ನಾಣ್ಯದಿಂದ. ಅದರ ತೂಕ 7.98 ಗ್ರಾಂ, 22 ಕ್ಯಾರೆಟ್ ಆದ್ದರಿಂದ ಅಪ್ಪಟ ಚಿನ್ನ 7.32 ಗ್ರಾಂ ಮಾತ್ರ. 1918ರಲ್ಲಿ ಇದನ್ನು ಮುಂಬಯಿಯಲ್ಲೂ ಟಂಕಿಸಿದ್ದರು. ಇಸವಿಯ ಮೇಲಿನ ನೆಲದ ಗೆರೆಯಲ್ಲಿ ಇಂಗ್ಲಿಷಿನ ಪುಟ್ಟ 'ಐ' ಅಕ್ಷರವಿದ್ದರೆ ಅದು ಮುಂಬಯಿಯದ್ದು.

ಸಂಗ್ರಾಹಕರು ಆ ಅಕ್ಷರಕ್ಕೂ ಸವೆಯದ ಅಚ್ಚಿಗೂ ಹೆಚ್ಚು ದುಡ್ಡು ಕೊಟ್ಟಾರು. ಆದರೆ ಮಗಳ ಫೀಸಿಗೋ ಆಸ್ಪತ್ರೆಗೋ ಹಣ ಬೇಕೆಂದು ನೀವು ಹತ್ತಿರದ ಚಿನ್ನದಂಗಡಿಗೆ ಹೋದಿರಿ ಅನ್ನಿ, ಅಲ್ಲಿ ತೂಕ, ಶುದ್ಧತೆ ಅಷ್ಟೇ ನೋಡ್ತಾರೆ. ಅಪರೂಪದ್ದೆಂದು ಕೊಟ್ಟ ಹೆಚ್ಚಿನ ಹಣ ಅಲ್ಲಿಗೆ ಮುಳುಗಿತು. ಉಳಿತಾಯವೇ ಉದ್ದೇಶವಾದರೆ ಹಾಲ್‌ಮಾರ್ಕ್ ಇರುವ ಸಾದಾ ನಾಣ್ಯ ಸಾಕು. ಬಿಲ್ಲು ಜೋಪಾನ. ಕೊಳ್ಳುವಾಗ ಕಟ್ಟಿದ ಶೇ. 3 ಜಿಎಸ್‌ಟಿಯಂತೂ ಮರಳಿ ಬರೋದಿಲ್ಲ.

ಗಲ್ಫಿಗೆ ಹೋಗಿಬರುವವರಿಗೆ ಇನ್ನೊಂದು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾವಸ್ತು. ಅಜ್ಜಿಯ 1918ರ ಸವರನ್ನನ್ನು ಅಲ್ಲಿ ಮಾರೋಣ ಎಂದು ಜೇಬಿನಲ್ಲಿಟ್ಟು ಒಯ್ಯುವಂತಿಲ್ಲ.